ಎರಡು ಸಿಮ್, ಒಂದು ಕಾರ್ಡ್

ಅರಸೀಕೆರೆ, 2025

ಆಗಸ್ಟ್ 26, ಮಂಗಳವಾರ

ಇವತ್ತು ಗೌರಿ, ನಾಳೆ ಗಣಪತಿ. ಬಸ್ ಸ್ಟ್ಯಾಂಡಿನಿಂದ ನನ್ನ ಫೋನ್ ರಿಪೇರಿ ಅಂಗಡಿವರೆಗೂ ಬಾಳೆಕಂದು, ಹೂವು, ತಳ್ಳುಗಾಡಿ. ಬಂದವರದೆಲ್ಲ ಒಂದೇ ಮಾತು: "ಈಗ್ಲೇ ಬೇಕಿತ್ತು ಕಣಣ್ಣ."

ಹೆಚ್ಚಿನವು ಚಾರ್ಜಿಂಗ್ ಕೇಸು. ಪಿನ್ ಹೋಗಿಲ್ಲ, ಒಳಗೆ ಕಾಯಿನಾರು. ಮೈಕ್ರೋಸ್ಕೋಪ್ ಕೆಳಗಿಟ್ಟರೆ ಟೈಪ್-ಸಿ ಬಾಯಲ್ಲಿ ಕಂದು ಎಳೆಗಳು ಪದರ ಪದರ, ನಡುನಡುವೆ ಕೊಬ್ಬರಿ ಪುಡಿ, ಜಿಡ್ಡು. ಚಾರ್ಜರ್ ಚುಚ್ಚಿದಷ್ಟೂ ಒಳಗೊಳಗೇ ಒತ್ತಿಕೊಂಡು ಗಟ್ಟಿಯಾಗಿರುತ್ತದೆ. ಸೂಜಿ ಹಾಕಿದರೆ ನಡುವಿನ ಪಟ್ಟಿ ಮುರಿಯುತ್ತದೆ. ಸಪೂರ ಟ್ವೀಜರ್‌ನಿಂದ ಅಂಚಲ್ಲಿ ಬಿಡಿಸಿ, ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಬ್ರಷ್ ಆಡಿಸಿದರೆ ಮುಗಿಯಿತು. ಇದಕ್ಕೆ ಪಿನ್ನೇ ಬದಲಾಯಿಸಿದೆ ಅಂತ ದುಡ್ಡು ಕೀಳುವವರೂ ಇದ್ದಾರೆ.

ಫೋನ್ ಡಿಸೈನ್ ಮಾಡುವವನ ಮೇಜಿನ ಮೇಲೆ ಒಂದು ಹಿಡಿ ಕಾಯಿನಾರು ಇಡಿಸಬೇಕು.

ರಾತ್ರಿ 10. ಬೆಂಗಳೂರಿಂದ ಅಣ್ಣನ ಮಗ ಪುಟ್ಟ ಫೋನ್ ಮಾಡಿದ್ದ. ಹಬ್ಬದ ಮಾತಿಲ್ಲ, ಊಟದ ಮಾತಿಲ್ಲ, ನೇರ ಸಿಟ್ಟು. ಗೂಗಲ್ ಹೊಸ ನಿಯಮ ಹೇಳಿದೆಯಂತೆ. ಆ್ಯಪ್ ಬರೆದವರು ಯಾರು ಅನ್ನುವುದು ಗೂಗಲ್‌ನಲ್ಲಿ ದಾಖಲಾಗಿರಬೇಕು, ಇಲ್ಲದಿದ್ದರೆ ಆ ಆ್ಯಪ್ ಆಂಡ್ರಾಯ್ಡ್ ಫೋನಿಗೆ ಇಳಿಯುವುದಿಲ್ಲ. ಪ್ಲೇ ಸ್ಟೋರ್‌ನಿಂದ ಮಾತ್ರವಲ್ಲ, ಹೊರಗಿನಿಂದ ಹಾಕಿಕೊಂಡರೂ ಅಷ್ಟೆ. 2026ರ ಸೆಪ್ಟೆಂಬರ್‌ನಲ್ಲಿ ಬ್ರೆಜಿಲ್, ಇಂಡೋನೇಷ್ಯಾ, ಸಿಂಗಪುರ, ಥಾಯ್ಲೆಂಡ್; ಆಮೇಲೆ ಉಳಿದ ಕಡೆ.

"ನನ್ ಫೋನು ಚಿಕ್ಕಪ್ಪ. ದುಡ್ ಕೊಟ್ಟಿರೋನು ನಾನು. ಏನ್ ಹಾಕ್ಕೋಬೇಕು ಅಂತ ಹೇಳಕ್ಕೆ ಅವರ್ಯಾರು?"

ಹೌದಲ್ಲ ಅನ್ನಿಸಿತು. ಹೌದು ಕಣೋ ಅಂದೆ.

ಆಗಸ್ಟ್ 30, ಶನಿವಾರ

ಮೇಷ್ಟ್ರು ಬಂದಿದ್ದರು. ನನಗೆ ಹೈಸ್ಕೂಲಲ್ಲಿ ಗಣಿತ ಹೇಳಿಕೊಟ್ಟವರು. ಕುರ್ಚಿ ಕೊಟ್ಟರೂ ಕೂರಲಿಲ್ಲ.

ಪರಿಚಯದವರ ನಂಬರಿನಿಂದಲೇ ವಾಟ್ಸಾಪ್‌ಗೆ ಮದುವೆ ಕರೆಯೋಲೆ ಬಂದಿದೆ. ಫೋಟೋ ಅಲ್ಲ, ಎಪಿಕೆ ಫೈಲು, ಅಂದರೆ ಪ್ಲೇ ಸ್ಟೋರ್ ಹೊರಗಿನಿಂದ ಇಳಿಯುವ ಆ್ಯಪ್. ಒತ್ತಿದ್ದಾರೆ. ಮೆಸೇಜ್ ಓದಲು ಅನುಮತಿ ಕೇಳಿದೆ, ಕೊಟ್ಟಿದ್ದಾರೆ. ಓಟಿಪಿಗಳು ಬಂದದ್ದು ಇವರಿಗೆ ಗೊತ್ತಾಗುವ ಮೊದಲೇ ಬೇರೆಲ್ಲೋ ಹೋಗಿವೆ. ಪಿಂಚಣಿ ಖಾತೆ. ಎಷ್ಟು ಅಂತ ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿಸಿದೆ, ದೂರು ದಾಖಲಾಯಿತು.

"ಅದು ಎಚ್ಚರಿಕೆ ಕೊಡ್ತು ಕಣಪ್ಪಾ, ಓದಿದೆ. ಆದ್ರೆ ಈ ಫೋನು ಎಲ್ಲದಕ್ಕೂ ಎಚ್ಚರಿಕೆ ಕೊಡುತ್ತೆ. ಟಾರ್ಚ್ ಹಾಕಿದ್ರೂ ಏನೋ ಕೇಳುತ್ತೆ."

ದಡ್ಡರಲ್ಲ ಅವರು. ತ್ರಿಕೋನಮಿತಿಯನ್ನು ಬೋರ್ಡ್ ನೋಡದೆ ಬರೆಯುತ್ತಿದ್ದರು. ಪುಟ್ಟನಿಗೆ ಬೇಕಾದ ಹಿತ್ತಿಲ ಬಾಗಿಲಿಂದಲೇ ಮೇಷ್ಟ್ರ ಮನೆಗೆ ಕಳ್ಳ ನುಗ್ಗಿದ್ದು. ಮೊನ್ನೆ ಫೋನಲ್ಲಿ ಹೌದು ಕಣೋ ಅಂದವನು ನಾನೇ. ಇವತ್ತು ಏನು ಅನ್ನಬೇಕೋ ತಿಳಿಯಲಿಲ್ಲ.

ಸೆಪ್ಟೆಂಬರ್ 10, ಬುಧವಾರ

ಐಫೋನ್ ಏರ್ ಅಂತೆ. ದಪ್ಪ 5.6 ಮಿಲಿಮೀಟರ್. ಸಿಮ್ ಹಾಕುವ ಜಾಗವೇ ಇಲ್ಲ, ಇ-ಸಿಮ್ ಮಾತ್ರ. ಮೇ ತಿಂಗಳಲ್ಲಿ ಸ್ಯಾಮ್‌ಸಂಗ್‌ನವರೂ 5.8 ಮಿಲಿಮೀಟರಿನದು ತಂದರು, ಬ್ಯಾಟರಿ 3,900 ಎಂಎಎಚ್. ಫೋನು ತೆಳ್ಳಗಿಲ್ಲ ಅಂತ ನನ್ನ ಕೌಂಟರ್ ಮುಂದೆ ನಿಂತು ಅತ್ತವರು ಯಾರೂ ಇಲ್ಲ. ಪುಟ್ಟನ ಗೆಳೆಯರೂ ಕೇಳಿಲ್ಲವಂತೆ. ಹಾಗಾದರೆ ಕೇಳಿದ್ದು ಯಾರು?

ಮಧ್ಯಾಹ್ನ ಬಾಣಾವರದ ಕಡೆಯ ಗಿರಾಕಿ. "ಎರಡು ಸಿಮ್ಮು, ಒಂದು ಕಾರ್ಡು, ಮೂರೂ ಒಟ್ಟಿಗೆ ಹಿಡಿಯೋದು ಯಾವ್ದಿದೆ?" ತೋಟದಲ್ಲಿ ಒಂದು ನೆಟ್‌ವರ್ಕ್, ಮನೇಲಿ ಇನ್ನೊಂದು. ಕಾರ್ಡಿನಲ್ಲಿ ರಾಜ್‌ಕುಮಾರ್ ಹಾಡು, ಮಗಳ ಮದುವೆ ಫೋಟೋ. ಕ್ಲೌಡ್ ಅಂದರೆ ನಗುತ್ತಾನೆ. ಅಲ್ಲಿಗೆ ಏರಿಸಲು ಬೇಕಾದ ನೆಟ್ಟೇ ತೋಟದಲ್ಲಿ ಸಿಗದು.

ಹೈಬ್ರಿಡ್ ಸ್ಲಾಟ್ ಬಂದಾಗಿನ ಗಲಾಟೆ ನೆನಪಾಯಿತು. ಎರಡನೇ ಸಿಮ್ ಇಲ್ಲವೇ ಮೆಮೊರಿ ಕಾರ್ಡ್, ಎರಡೂ ಬೇಕೆಂದರೆ ಆಗದು. ಆಗ ಹುಡುಗರು ಒಂದು ಉಪಾಯ ಮಾಡಿದ್ದರು. ನ್ಯಾನೋ ಸಿಮ್‌ಗೆ ಬಿಸಿ ಕೊಟ್ಟು ಪ್ಲಾಸ್ಟಿಕ್ ಸುಲಿಯುವುದು, ಉಳಿದ ಆ ಕಾಗದದಷ್ಟು ಚಿಪ್ಪನ್ನು ಮೈಕ್ರೋ ಎಸ್‌ಡಿ ಕಾರ್ಡಿನ ಬೆನ್ನಿಗೆ ಅಳತೆ ನೋಡಿ ಅಂಟಿಸುವುದು. ಎರಡನ್ನೂ ಒಂದೇ ತಟ್ಟೆಯಲ್ಲಿ ತೂರಿಸಿದರೆ ಫೋನು ಎರಡನ್ನೂ ಓದುತ್ತಿತ್ತು. ಬಿಸಿ ಒಂದಿಷ್ಟು ಹೆಚ್ಚಾದರೆ ಸಿಮ್ ಸತ್ತಂತೆ. ಕಂಡುಹಿಡಿದವರು ತಲೆ ಓಡುವ ಹುಡುಗರು, ಮಾಡಿಸಿಕೊಂಡು ಹೋದವರು ಕಾಯಿ ವ್ಯಾಪಾರಿಗಳು. ಆಗ ಇಬ್ಬರಿಗೂ ಬೇಕಿದ್ದದ್ದು ಒಂದೇ.

ಸೆಪ್ಟೆಂಬರ್ 28, ಭಾನುವಾರ. ಬೇಲೂರು, ಹಳೇಬೀಡು

ದಸರಾ ರಜೆ. ಮಕ್ಕಳ ಒತ್ತಾಯಕ್ಕೆ ಹೊರಟದ್ದು. 2023ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಮೇಲೆ ಭಾನುವಾರ ಅಂದರೆ ಜಾತ್ರೆ. ಬೇಲೂರಲ್ಲಿ ಗೈಡ್ ಆಗಿರೋ ಹಳೇ ಸ್ನೇಹಿತ ಸಿಕ್ಕ.

ಅವನ ಫೋನು ಬೆಳಿಗ್ಗೆ ತುಂಬಿಸಿಕೊಂಡು ಬಂದರೆ ಮಧ್ಯಾಹ್ನಕ್ಕೆ ಖಾಲಿ. ಮೊದಲು ಜೇಬಲ್ಲಿ ಇನ್ನೊಂದು ಬ್ಯಾಟರಿ ಇರುತ್ತಿತ್ತಂತೆ, ಬೆನ್ನು ಬಿಚ್ಚಿ ಹಾಕಿದರೆ ಮುಗಿಯಿತು. ಈಗ ಪವರ್ ಬ್ಯಾಂಕ್ ಹೊತ್ತುಕೊಂಡು, ವೈರ್ ತೂಗಾಡಿಸಿಕೊಂಡು ಮದನಿಕೆ ತೋರಿಸುತ್ತಾನೆ. "ಬಿಸಿಲಲ್ಲಿ ಸ್ಕ್ರೀನ್ ಕಾಣಲ್ಲ, ಬ್ರೈಟ್ ಮಾಡಿದ್ರೆ ಬ್ಯಾಟರಿ ನಿಲ್ಲಲ್ಲ." ಬಿಚ್ಚಿ ಹಾಕಿಕೊಡು ಅಂದ. ಅಂಟು ಹಾಕಿ ಮುಚ್ಚಿರೋದು, ಅಂಗಡಿಗೇ ಬರಬೇಕು ಅಂದೆ.

ಬೇಲೂರು ದೇವಸ್ಥಾನದ ನವರಂಗದ ಒಳಗೆ ಕತ್ತಲು. ಸುತ್ತ ಜಾಲಂದ್ರ ಕಟ್ಟಿಸಿದ್ದು ಆಮೇಲೆ, ಇಮ್ಮಡಿ ಬಲ್ಲಾಳನ ಕಾಲದಲ್ಲಿ. ಬೆಂಗಳೂರಿನ ಹುಡುಗನೊಬ್ಬ ಕಂಬದ ಫೋಟೋ ತೆಗೆದ. ನೈಟ್ ಮೋಡ್. ಮೂರು ಸೆಕೆಂಡಿಗೆ ಇಡೀ ಮಂಟಪ ಹಗಲಾಯಿತು. ಅವನ ತಾಯಿಗೆ ಖುಷಿ. ಹುಡುಗನಿಗೆ ಬೇಸರ, ಆಟೋ ಬಿಟ್ಟು ಪ್ರೋ ಮೋಡ್‌ಗೆ ಹೋಗಿ ಮತ್ತೆ ತೆಗೆದ. ತಿರುಗಣೆ ಕಂಬದ ಮೈಮೇಲೆ ಬೆಳಕು ಒಂದು ಗೆರೆಯಾಗಿ ಮಾತ್ರ ನಿಂತಿತ್ತು, ಉಳಿದದ್ದೆಲ್ಲ ಕಪ್ಪು. ತಾಯಿ ನೋಡಿ, "ಇದೇನೋ, ಏನೂ ಕಾಣ್ತಿಲ್ವಲ್ಲ" ಅಂದರು. ನನಗೆ ಎರಡನೆಯದು ಚೆನ್ನಾಗಿ ಕಂಡಿತು. ವಾಟ್ಸಾಪ್‌ಗೆ ಹೋಗುವುದು ಮೊದಲನೆಯದೇ.

ಗೈಡ್ ಸ್ನೇಹಿತ ಮದನಿಕೆಯ ಪಾದದ ಕೆಳಗಿನ ಬರಹ ತೋರಿಸಿದ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. ಊರು, ಹೆಸರು, ಬಿರುದು ಸಮೇತ ಕೆತ್ತಿಕೊಂಡಿದ್ದಾರೆ. ಸಂಜೆ ಪುಟ್ಟನಿಗೆ ಹೇಳಿದೆ: ನೋಡೋ, ಒಂಬೈನೂರು ವರ್ಷದ ಹಿಂದೆಯೇ ಡೆವಲಪರ್ ಹೆಸರು ಹಾಕಿದಾನೆ, ನಿನಗೇನು ಕಷ್ಟ?

"ಅವರಾಗೇ ಹಾಕ್ಕೊಂಡ್ರು ಚಿಕ್ಕಪ್ಪ. ಹೆಸರು ಹಾಕಿದ್ರೇನೇ ಉಳಿ ಕೊಡ್ತೀನಿ ಅಂತ ವಿಷ್ಣುವರ್ಧನ ಹೇಳಿದ್ನಾ?"

ಮಾತು ಕಲಿತಿದ್ದಾನೆ. ಹೆಸರಿಲ್ಲದ ಶಿಲ್ಪಗಳೂ ಅಲ್ಲಿ ಬೇಕಾದಷ್ಟಿವೆ, ಅದು ನಿಜ.

ಹಳೇಬೀಡು ತಲುಪಿದಾಗ ಹೊತ್ತಾಗಿತ್ತು. ಮಕ್ಕಳು ಆನೆಸಾಲಿನ ಹತ್ತಿರ ಕ್ಯಾಮೆರಾ ಇಟ್ಟು ಮ್ಯಾಕ್ರೋ ತೆಗೆದವು. 2 ಮೆಗಾಪಿಕ್ಸೆಲ್. ಡಬ್ಬದ ಮೇಲೆ ಮೂರು ಕ್ಯಾಮೆರಾ ಅಂತ ಬರೆಯಲಿಕ್ಕೆ ಇಟ್ಟ ಕಣ್ಣು ಅದು. ಸಾಧಾರಣ ಜನ ಕ್ಯಾಮೆರಾ ಎಣಿಸುತ್ತಾರೆ ಅನ್ನುವುದು ಕಂಪನಿಯವರ ಲೆಕ್ಕ. ಲೆಕ್ಕ ತಪ್ಪೇನಲ್ಲ, ಎಣಿಸುತ್ತಾರೆ.

ಅಕ್ಟೋಬರ್ 1, ಬುಧವಾರ

ಆಯುಧ ಪೂಜೆ. ಹೀಟ್ ಗನ್, ಸೋಲ್ಡರಿಂಗ್ ಸ್ಟೇಷನ್, ಮೈಕ್ರೋಸ್ಕೋಪ್ ಎಲ್ಲಕ್ಕೂ ಕುಂಕುಮ. ಡ್ರಾಯರ್ ತಳದಲ್ಲಿ ನೋಕಿಯಾ 1100 ಸಿಕ್ಕಿತು. 2003ರದು. ಧೂಳು ಒಳಗೆ ಹೋಗದ ರಬ್ಬರ್ ಕೀಪ್ಯಾಡ್, ಜಾರದ ಅಂಚು, ತಲೆ ಮೇಲೆ ಟಾರ್ಚ್. ಚಾರ್ಜ್‌ಗೆ ಹಾಕಿದೆ, ಹತ್ತಿಕೊಂಡಿತು. ಕೈ ಬೆವರುವವನು, ಧೂಳಲ್ಲಿ ಓಡಾಡುವವನು, ಕರೆಂಟ್ ಹೋದ ಮನೆಯವನು ಅದನ್ನು ಮಾಡಿದವರ ಕಣ್ಣ ಮುಂದೆ ಇದ್ದ.

ಅದೇ ಡ್ರಾಯರಿನಲ್ಲಿ 2011ರ ಸುಮಾರಿನ ಒಂದು ಆಂಡ್ರಾಯ್ಡ್. ಆಗ ಕನ್ನಡ ಅಂದರೆ ಬರೀ ಚೌಕ ಚೌಕ. ಒಪೆರಾ ಮಿನಿ ಒಳಗಿನ ಗುಪ್ತ ಸೆಟ್ಟಿಂಗ್‌ಗೆ ಹೋಗಿ ಬಿಟ್‌ಮ್ಯಾಪ್ ಆನ್ ಮಾಡಿದರೆ ಕನ್ನಡ ಪೇಪರು ಚಿತ್ರದ ಹಾಗೆ ಕಾಣುತ್ತಿತ್ತು. ಇಲ್ಲವೇ ಫೋನ್ ರೂಟ್ ಮಾಡಿ ಫಾಂಟ್ ತುರುಕಬೇಕಿತ್ತು. 2012ರಲ್ಲಿ ಜೆಲ್ಲಿಬೀನ್ ಬಂದು ಕನ್ನಡ ಸರಿಯಾಯಿತು, ಅದೂ ಹೊಸ ಫೋನ್ ಕೊಂಡವರಿಗೆ. ಅಲ್ಲಿವರೆಗೆ ಈ ಊರಿನ ಎಷ್ಟೋ ಜನ ಕನ್ನಡ ಓದಿದ್ದು ರೂಟ್ ಮಾಡುವ ಹುಡುಗರ ಪುಣ್ಯದಿಂದ. ವಾರಂಟಿ ಹೋಗುತ್ತೆ ಅಂತ ಕಂಪನಿ ಹೆದರಿಸುತ್ತಿತ್ತು.

ಇದನ್ನು ಮೇಷ್ಟ್ರಿಗೆ ಹೇಳಿದರೆ ಏನನ್ನುತ್ತಾರೋ.

ಅಕ್ಟೋಬರ್ 9, ಗುರುವಾರ

ಕಾಯಿ ಸುಲಿಯುವವನು ಬಂದ. ಫಿಂಗರ್‌ಪ್ರಿಂಟ್ ತಗೊಳ್ಳುತ್ತಿಲ್ಲ, ಸೆನ್ಸರ್ ಹೋಗಿದೆ ಅಂತ. ಸೆನ್ಸರ್ ಚೆನ್ನಾಗಿದೆ, ನನ್ನ ಬೆರಳು ಸೇರಿಸಿ ಇಟ್ಟು ನೋಡಿದರೆ ತೆರೆಯಿತು. ಅವನ ಹೆಬ್ಬೆರಳಲ್ಲಿ ಗೆರೆಗಳೇ ಇಲ್ಲ. ಸಿಪ್ಪೆ ಕೀಳುವಾಗ ಒತ್ತಡ ಬೀಳುವ ಕಡೆ ಚರ್ಮ ನುಣ್ಣಗೆ, ಹಳದಿ, ಕೊರಡು. ರೇಷನ್ ಅಂಗಡೀಲೂ ಇದೇ ಪಾಡಂತೆ.

ಅವನು ಫೋನ್ ಒತ್ತುವುದು ಕಿರುಬೆರಳಲ್ಲಿ. ಉಳಿದ ಬೆರಳು ಇಟ್ಟರೆ ಪರದೆಗೆ ಗೊತ್ತೇ ಆಗುವುದಿಲ್ಲ. ಸೆಟ್ಟಿಂಗ್ಸ್ ಒಳಗೆ, ಇನ್ನೂ ಒಳಗೆ, ಟಚ್ ಸೆನ್ಸಿಟಿವಿಟಿ ಅಂತ ಒಂದಿದೆ. ದಪ್ಪ ಗ್ಲಾಸ್ ಅಂಟಿಸಿಕೊಂಡವರಿಗೆ ಇಟ್ಟದ್ದು. ಆನ್ ಮಾಡಿದೆ. ತೋರುಬೆರಳು ಕೆಲಸ ಮಾಡಿತು, ಹತ್ತಕ್ಕೆ ಆರು ಸಲ. ನಾಲ್ಕಂಕಿ ಪಿನ್ ಹಾಕಿಕೊಟ್ಟೆ. ಮರೆಯುತ್ತೆ ಅಂತ ಕವರ್ ಹಿಂದೆ ಪೆನ್ನಲ್ಲಿ ಬರೆದುಕೊಂಡ. ಬೇಡ ಅನ್ನಲು ಬಾಯಿ ಬರಲಿಲ್ಲ.

ಯೂಟ್ಯೂಬಿನ ರಿವ್ಯೂಗಳಲ್ಲಿ ಸೆನ್ಸರ್ ಎಷ್ಟು ಬೇಗ ತೆರೆಯುತ್ತೆ ಅಂತ ಅಳೆಯುತ್ತಾರೆ. ಬೆರಳು ಯಾರದು ಅಂತ ಹೇಳುವುದಿಲ್ಲ.

ಅಕ್ಟೋಬರ್ 12, ಭಾನುವಾರ

ತೋಟಕ್ಕೆ ಹೋಗಿದ್ದೆ, ಹಾರನಹಳ್ಳಿ ಕಡೆ. ಅಪ್ಪ ಕಾಯಿ ರಾಶಿ ಹತ್ತಿರ ಕೂತು ಹಾಸನ ಆಕಾಶವಾಣಿ ಕೇಳುತ್ತಿದ್ದರು. ಇಯರ್‌ಫೋನ್ ಕುತ್ತಿಗೆಗೆ ಸುತ್ತಿದ್ದಾರೆ, ಕಿವಿಗಿಲ್ಲ. ಶಬ್ದ ಸ್ಪೀಕರಲ್ಲಿ. ವೈರ್ ಇದ್ದರೇ ಏರಿಯಲ್, ಇಲ್ಲದಿದ್ದರೆ ರೇಡಿಯೋ ಬರಲ್ಲ ಅಂತ ಯಾರೂ ಹೇಳಿಕೊಡದೆ ಕಂಡುಕೊಂಡಿದ್ದಾರೆ.

2016ರಲ್ಲಿ ಐಫೋನ್ 7ರಿಂದ ಜಾಕ್ ತೆಗೆದಾಗ ಬೊಬ್ಬೆ ಹೊಡೆದವರು ಹಾಡಿನ ಗುಣಮಟ್ಟದ ಮಾತಾಡಿದರು. ಅಪ್ಪನ ಏರಿಯಲ್ ಮಾತು ಬರಲಿಲ್ಲ. 2023ರಲ್ಲಿ ಕೇಂದ್ರ ಸರ್ಕಾರ ಫೋನುಗಳಲ್ಲಿ ಎಫ್‌ಎಂ ಇರಲಿ ಅಂತ ಕಂಪನಿಗಳಿಗೆ ಸಲಹೆ ಕಳಿಸಿತು. ಜಾಕೇ ಇಲ್ಲದ ಫೋನಿಗೆ ಏರಿಯಲ್ ಎಲ್ಲಿಂದ ಬರಬೇಕು?

ಅಮ್ಮ ಹುಳಿ ಅವಲಕ್ಕಿ ಮಾಡಿದ್ದರು. ಅವರ ಕಾಲು ನೋವು ಹೆಚ್ಚಾಗಿದೆ. ಹಾಸನಕ್ಕೆ ಕರೆದುಕೊಂಡು ಹೋಗಬೇಕು.

ಅಕ್ಟೋಬರ್ 23, ಗುರುವಾರ

ಉಂಡೆ ಕೊಬ್ಬರಿ ಕ್ವಿಂಟಲ್‌ಗೆ 20 ಸಾವಿರ ದಾಟಿದ ವರ್ಷ. ಬೆಂಬಲ ಬೆಲೆ 12,100. ದೀಪಾವಳಿಗೆ ಹೊಸ ಫೋನು ಕೊಂಡವರಿಗೆ ಲೆಕ್ಕವಿಲ್ಲ. ಒಬ್ಬರು ಅಂಚು ಬಾಗಿದ ಪರದೆಯದು ತಂದು ಟೆಂಪರ್ ಹಾಕು ಅಂದರು. ಬಾಗಿದ್ದಕ್ಕೆ ಸಾದಾ ಟೆಂಪರ್ ಕೂರಲ್ಲ, ಯುವಿ ಗಮ್ ಗ್ಲಾಸೇ ಬೇಕು. ಬಿದ್ದರೆ ಡಿಸ್‌ಪ್ಲೇಗೆ ಎಷ್ಟು ಅಂತ ಕೇಳಿದರು, ಹೇಳಿದೆ. ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹೋದರು.

ಪುಟ್ಟ ಹಬ್ಬಕ್ಕೆ ಬಂದಿದ್ದಾನೆ. ಅಂಗಡೀಲೇ ಕೂತು ವಾದ. ಯೂರೋಪಿನಲ್ಲಿ 2027ರ ಫೆಬ್ರವರಿ 18ರಿಂದ ಬ್ಯಾಟರಿಯನ್ನು ಗಿರಾಕಿಯೇ ಬಿಚ್ಚಿ ಹಾಕುವಂತಿರಬೇಕು, ಅಲ್ಲಾದ್ರೆ ಇಲ್ಲೂ ಆಗುತ್ತೆ ಅಂತ ಅವನು. ಮತ್ತೆ ಅವನೇ ಹೇಳಿದ, ಸಾವಿರ ಸಲ ಚಾರ್ಜ್ ಮಾಡಿದ ಮೇಲೂ 80 ಪರ್ಸೆಂಟ್ ಉಳಿಯುವ ಬ್ಯಾಟರಿ ಇದ್ದು, ನೀರು ಹೋಗದ ಹಾಗೆ ಮುಚ್ಚಿದ್ದರೆ ವಿನಾಯಿತಿ ಇದೆಯಂತೆ.

ನೀರು ಅನ್ನುವುದು ಸಣ್ಣ ಮಾತಲ್ಲ. ಮಳೆಗಾಲದಲ್ಲಿ ಬೇಲೂರಿನ ಆಚೆಯ ಕಾಫಿ ತೋಟದವರು ತರುವುದು ನೀರು ಕುಡಿದ ಫೋನು. ನಮ್ಮ ಬಯಲುಸೀಮೆಯವರು ತರುವುದು ಧೂಳು, ನಾರು, ಊದಿದ ಬ್ಯಾಟರಿ. ಒಂದೇ ಜಿಲ್ಲೆ. ಅಲ್ಲಿಯವರಿಗೆ ಅಂಟು ಹಾಕಿ ಮುಚ್ಚಿದ್ದೇ ಸರಿ, ಇಲ್ಲಿಯವರಿಗೆ ಉಗುರಲ್ಲಿ ಬಿಚ್ಚುವಂಥದ್ದು. ಸಾಧಾರಣ ಬಳಕೆದಾರ ಅಂತ ಬರೆಯುತ್ತಾರಲ್ಲ, ಅವನು ಬೇಲೂರಿನವನೋ ಅರಸೀಕೆರೆಯವನೋ?

ಎಲ್ಲರೂ ಅವರವರ ಬ್ಯಾಟರಿ ಅವರೇ ಹಾಕಿಕೊಂಡರೆ ನನ್ನ ಅಂಗಡಿ ಬಾಡಿಗೆ ಹೇಗೆ ಕಟ್ಟಲಿ ಅಂತಲೂ ಯೋಚನೆ ಬಂತು. ಬಂದದ್ದನ್ನು ಬರೆದಿದ್ದೇನೆ.

ಸಣ್ಣ ಫೋನ್ ಯಾಕೆ ಮಾಡಲ್ಲ ಅಂತ ಪುಟ್ಟನ ಇನ್ನೊಂದು ಗೋಳು. ಆ್ಯಪಲ್‌ನವರು 2020, 2021ರಲ್ಲಿ ಎರಡು ಮಿನಿ ಮಾಡಿದರು, ಸಾಕಷ್ಟು ಹೋಗಲಿಲ್ಲ, ನಿಲ್ಲಿಸಿದರು. ನಿನ್ನ ಜೇಬಲ್ಲಿರೋದು ಎಷ್ಟು ಇಂಚು ಅಂದೆ. 6.7. ಮಾತು ಬೇರೆ ಕಡೆ ತಿರುಗಿಸಿದ.

ನವೆಂಬರ್ 14, ಶುಕ್ರವಾರ

ಪುಟ್ಟನ ಮೆಸೇಜು, ಪಟಾಕಿ ಚಿತ್ರದ ಜೊತೆ. ಆ ಆ್ಯಪ್ ನಿಯಮದಲ್ಲಿ ಗೂಗಲ್ ಸ್ವಲ್ಪ ಬಗ್ಗಿದೆ. ತಿಳಿದವರಿಗೆ, ಅಪಾಯ ನನ್ನದೇ ಅಂತ ಒಪ್ಪಿಕೊಳ್ಳುವವರಿಗೆ, ಬೇರೆ ದಾರಿ ಇಡುತ್ತಾರಂತೆ. ಇನ್ನೊಬ್ಬರು ಒತ್ತಾಯ ಮಾಡಿ ಒತ್ತಿಸಲು ಆಗದ ಹಾಗೆ ಅದನ್ನು ಕಟ್ಟುತ್ತಾರಂತೆ.

ತಿಳಿದವರು ಅಂದರೆ ಯಾರು? ಅದನ್ನು ಫೋನು ಹೇಗೆ ತೀರ್ಮಾನಿಸುತ್ತೆ? ಫೋನಲ್ಲಿ ಒಬ್ಬ ಅಧಿಕಾರಿ ದನಿಯಲ್ಲಿ ಇಲ್ಲಿ ಒತ್ತಿ, ಅಲ್ಲಿ ಒತ್ತಿ ಅಂದರೆ ಮೇಷ್ಟ್ರು ಏಳು ಬಾಗಿಲು ದಾಟಿಯಾರು. ಹೇಳಿದ್ದನ್ನು ಸಾಲಾಗಿ ಮಾಡುವುದು ಅವರಿಗೆ ಬರುತ್ತೆ, ಗಣಿತದವರು.

ಸಂಜೆ ಸಿಕ್ಕಾಗ ಅವರನ್ನೇ ಕೇಳಿದೆ. "ಮುಚ್ಚಿಬಿಡ್ಲಿ ಕಣಪ್ಪಾ. ಪೂರ್ತಿ ಮುಚ್ಚಿಬಿಡ್ಲಿ." ದುಡ್ಡು ಇನ್ನೂ ಬಂದಿಲ್ಲ.

ನವೆಂಬರ್ 19, ಬುಧವಾರ

ಮೇಷ್ಟ್ರು ಮತ್ತೆ. ಈ ಸಲ ಅವರ ಹಳೇ ಶಿಷ್ಯನೊಬ್ಬ ತಾನೇ ಬರೆದ ಆ್ಯಪ್ ಕಳಿಸಿದ್ದಾನೆ, ಗಮಕ ಕೇಳುವುದಕ್ಕೆ. ಪ್ಲೇ ಸ್ಟೋರಲ್ಲಿ ಇಲ್ಲ, ಎಪಿಕೆ. ತಾವೇ ಒತ್ತಲು ಕೈ ನಡುಗುತ್ತೆ, ನೀನು ಹಾಕಿಕೊಡು ಅಂದರು.

ಶಿಷ್ಯನಿಗೆ ಫೋನ್ ಮಾಡಿ ಅವನೇ ಕಳಿಸಿದ್ದು ಅಂತ ಖಾತ್ರಿ ಮಾಡಿಕೊಂಡೆ. ಫೈಲ್ ಬಿಚ್ಚಿ ಅನುಮತಿ ಪಟ್ಟಿ ನೋಡಿದೆ. ಮೆಸೇಜ್ ಕೇಳಿಲ್ಲ, ಕಾಂಟ್ಯಾಕ್ಟ್ ಕೇಳಿಲ್ಲ, ಇಂಟರ್ನೆಟ್ಟೂ ಕೇಳಿಲ್ಲ. ಹಾಕಿಕೊಟ್ಟೆ. ಕುಮಾರವ್ಯಾಸ ಶುರುವಾದ ಕೂಡಲೇ ಕಣ್ಣು ಮುಚ್ಚಿ ಕೂತರು. ಕೌಂಟರ್ ಮುಂದೆ ಸಾಲು ನಿಂತಿತ್ತು, ಏಳಿಸಲು ಮನಸ್ಸಾಗಲಿಲ್ಲ.

ಪೂರ್ತಿ ಮುಚ್ಚಿದ್ದರೆ ಇದೂ ಇಲ್ಲ. ಹೇಳಲು ಹೋಗಲಿಲ್ಲ.

ಡಿಸೆಂಬರ್ 3, ಬುಧವಾರ

ಹೊಸ ಫೋನುಗಳಲ್ಲೆಲ್ಲ ಸಂಚಾರ್ ಸಾಥಿ ಮೊದಲೇ ಹಾಕಿರಬೇಕು ಅಂತ ದೂರಸಂಪರ್ಕ ಇಲಾಖೆ ಆದೇಶ ಮಾಡಿತ್ತು. ಇವತ್ತು ವಾಪಸ್. ಪುಟ್ಟನಿಗೆ ಹಬ್ಬ. ನನಗೆ ಅರ್ಧ. ಕಳೆದ ಫೋನಿನ ಐಎಂಇಐ ಬ್ಲಾಕ್ ಮಾಡಿಸಲು ನಾನು ಗಿರಾಕಿಗಳಿಗೆ ಅದನ್ನೇ ಬಳಸಿಕೊಡುತ್ತೇನೆ, ಕೆಲಸ ಮಾಡುತ್ತೆ. ಆದರೆ ಬೇಕಾದವನು ಹಾಕಿಕೊಳ್ಳುವುದು ಬೇರೆ, ಡಬ್ಬದಿಂದ ತೆಗೆಯುವಾಗಲೇ ಕೂತಿರುವುದು ಬೇರೆ. ಈಗಾಗಲೇ ಹೊಸ ಫೋನ್ ತಂದವರ ಮೊದಲ ಮಾತು "ಇದ್ರಲ್ಲಿರೋ ಕಸ ಎಲ್ಲ ತೆಗೀರಿ" ಅಂತ. ಎಷ್ಟೋ ಆ್ಯಪ್ ತೆಗೆಯಲೂ ಬರುವುದಿಲ್ಲ, ಸುಮ್ಮನೆ ಮಲಗಿಸಬಹುದು ಅಷ್ಟೆ.

ಡಿಸೆಂಬರ್ 8, ಸೋಮವಾರ

ಮೇಷ್ಟ್ರಿಗೆ ಹೊಸ ಫೋನು ನೋಡಿಕೊಡಬೇಕು. ಪಟ್ಟಿ ಬರೆದು ತಂದಿದ್ದರು, ಬೋರ್ಡಿನ ಅಕ್ಷರದಲ್ಲೇ: ಇಯರ್‌ಫೋನ್ ತೂತು, ಎರಡು ಸಿಮ್, ಕಾರ್ಡು, ಜೋರು ಸ್ಪೀಕರ್. ಪುಟ್ಟನ ಪಟ್ಟಿಯೂ ಹೆಚ್ಚುಕಡಿಮೆ ಇದೇ. ಅವನದರಲ್ಲಿ ಬೂಟ್‌ಲೋಡರ್ ಅನ್‌ಲಾಕ್ ಒಂದು ಜಾಸ್ತಿ.

ಹುಡುಕಿದೆ. ಜಾಕು, ಕಾರ್ಡು ಎರಡೂ ಇರುವುದು ಹತ್ತು ಹದಿನೈದು ಸಾವಿರದ ಒಳಗಿನವುಗಳಲ್ಲೇ ಹೆಚ್ಚು. ಅವುಗಳಲ್ಲಿ ಬಹಳಷ್ಟಕ್ಕೆ ಸೆಕ್ಯುರಿಟಿ ಅಪ್‌ಡೇಟ್ ಬೇಗ ನಿಲ್ಲುತ್ತದೆ. ಏಳು ವರ್ಷ ಕೊಡುತ್ತೇವೆ ಅಂತ ಪಿಕ್ಸೆಲ್ 8ರಿಂದ ಗೂಗಲ್, ಎಸ್24ರಿಂದ ಸ್ಯಾಮ್‌ಸಂಗ್ ಹೇಳಿದ್ದು ದುಬಾರಿ ಫೋನಿಗೆ. ಅದರಲ್ಲಿ ತೂತೂ ಇಲ್ಲ, ಕಾರ್ಡೂ ಇಲ್ಲ. ಕಾವಲು ಬೇಕಾದ ಮನುಷ್ಯನಿಗೆ ಒಗ್ಗುವ ಫೋನಿಗೆ ಕಾವಲು ಕಡಿಮೆ. ಇದನ್ನು ಅವರಿಗೆ ಸರಿಯಾಗಿ ವಿವರಿಸಿದೆ. ಕೇಳಿ, ತೂತಿರುವುದನ್ನೇ ತೆಗೆದುಕೊಂಡರು.

ಬ್ಯಾಂಕಿಗೆ ಕೊಟ್ಟಿರುವ ನಂಬರಿನ ಸಿಮ್ ಇದರಲ್ಲಿ ಬೇಡ, ಕೀಪ್ಯಾಡ್ ಫೋನಿಗೆ ಹಾಕಿ, ಓಟಿಪಿ ಅಲ್ಲೇ ಬರಲಿ ಅಂದೆ. ಹಾಗಾದ್ರೆ ಇದರಲ್ಲಿ ಫೋನ್ ಪೇ ನಡೆಯುತ್ತಾ ಅಂದರು. ನಡೆಯಲ್ಲ, ಅದಕ್ಕೆ ಅದೇ ಸಿಮ್ ಇದೇ ಫೋನಲ್ಲಿರಬೇಕು ಅಂದೆ. ಸಂತೆಗೆ ನೋಟು ತಗೊಂಡು ಹೋಗ್ತೀನಿ ಬಿಡು ಅಂದರು.